ನೆತ್ತಿಯ ವಿಚಾರ

೩ ಅಕ್ಟೋಬರ್, ಶುಕ್ರವಾರ

ನಿನ್ನೆಯ ಚಹಾಕೂಟದಲ್ಲಿ ನನ್ನ ತಂಗಿ ಪೆರಿಹಾನ್ ದೋಣಿಕಟ್ಟೆಯ ಘಟನೆಯನ್ನು ಎಲ್ಲರಿಗೂ ಬಣ್ಣಿಸಿದಳು. ಅವಳು ಹೇಳಿದ್ದರಲ್ಲಿ ತಪ್ಪುಗಳಿವೆ. ಅವು ಹಾಗೆಯೇ ಉಳಿಯಬಾರದಾದ್ದರಿಂದ ಇಲ್ಲಿ ತಿದ್ದಿಡುತ್ತೇನೆ.

ಅವಳ ಪ್ರಕಾರ ನಾನು ಆ ಮನುಷ್ಯನಿಗೆ ಕೊಡೆಯಿಂದ ಹೊಡೆದೆ. ಅನಂತರ ದೋಣಿಯಲ್ಲಿ ಕುಳಿತು ಎದುರು ದಡದ ಉಸ್ಕುದಾರ್ ಬರುವವರೆಗೂ ಅತ್ತೆ. ಕೊಡೆ ನನ್ನ ಬಳಿ ಇರಲೇ ಇಲ್ಲ. ಅಂದು ಆಕಾಶ ತಿಳಿಯಾಗಿತ್ತು. ನಾನು ಅಳಲೂ ಇಲ್ಲ. ದೋಣಿಯ ಮೇಲಂತಸ್ತಿನಲ್ಲಿ ಗಾಳಿಗೆ ಮುಖವೊಡ್ಡಿ ಕುಳಿತವರ ಕಣ್ಣಲ್ಲಿ ನೀರು ಬರುವುದು ಸಹಜ.

ನಡೆದದ್ದಿಷ್ಟು. ಬೆಶಿಕ್ತಾಶ್ ದೋಣಿಕಟ್ಟೆಗೆ ಇಳಿಯುವ ಮೆಟ್ಟಿಲುಗಳಲ್ಲಿ ನಾನು ಮುಂದಿದ್ದೆ, ಪೆರಿಹಾನ್ ಹಿಂದಿದ್ದಳು. ಕೂದಲು ಕಸಿ ಮಾಡುವ ಯಾವುದೋ ಚಿಕಿತ್ಸಾಲಯದ ಚೀಟಿ ಹಂಚುವ ನಡುವಯಸ್ಸಿನವನೊಬ್ಬ ಮೇಲಿನ ಮೆಟ್ಟಿಲಲ್ಲಿ ನಿಂತಿದ್ದ. ಬೋಳುತಲೆಯ ವಿದೇಶಿಯರನ್ನು ಗುರುತಿಸಿ ಹಿಡಿಯುವುದು ಅವನ ಕೆಲಸ. ನಾನು ದಾಟಿ ಇಳಿಯುತ್ತಿದ್ದಂತೆ ಬಗ್ಗಿ ನನ್ನ ಕೈಗೆ ಚೀಟಿಯಿಟ್ಟ.

"ತಗೋ ಅಕ್ಕಾ, ಹೆಂಗಸ್ರಿಗೂ ಮಾಡ್ತಾರೆ. ನಿಂಗೂ ಆಗತ್ತೆ."

"ಮೊದಲು ‘ನೀವು’ ಎನ್ನುವುದನ್ನು ಕಲಿ," ಎಂದೆ.

"ನೀವು ತಗೊಳ್ಳಿ ಅಕ್ಕಾ. ನಿಮಗೂ ಆಗತ್ತೆ."

ತೆಗೆದುಕೊಂಡೆ. ಅವನು ಮೇಲೆ ನಿಂತಿದ್ದುದರಿಂದ, ಎದುರಿಗೆ ನಿಂತವರಾರಿಗೂ ಕಾಣದ ನನ್ನ ನೆತ್ತಿ ಅವನಿಗೆ ಕಂಡಿತ್ತು. ಅವನ ತಪ್ಪಿಲ್ಲ.

ಇದನ್ನೆಲ್ಲ ಇಂದು ಪೆರಿಹಾನಳಿಗೆ ಫೋನಿನಲ್ಲಿ ತಿಳಿಸಿದೆ. "ಅಕ್ಕಾ, ಕೊಡೆ ನಾನು ಸೇರಿಸಿದ್ದು ನಿಜ. ಆದ್ರೆ ನೀನು ಮೂಗು ಒರೆಸ್ಕೊಂಡ ಕರ್ಚೀಫು ನಂದು," ಎಂದಳು.

ಸಂಜೆ ಫೆರ್ದಿಯಿಂದ ಆಮಂತ್ರಣ ಬಂದಿತು. ನಾನು ಭಾಷೆ ಕಲಿಸಿದ ತರಗತಿಗಳಲ್ಲೆಲ್ಲ ಅತಿ ಗದ್ದಲದ್ದು ಅವನ ತರಗತಿ. ಅವರು ಶಾಲೆ ಬಿಟ್ಟು ಈಗ ನಲವತ್ತು ವರ್ಷ. ನವೆಂಬರ್ ಇಪ್ಪತ್ತೆರಡರಂದು, ಶಿಕ್ಷಕರ ದಿನದ ಹಿಂದಿನ ಶನಿವಾರ, ಹಳೆಯ ಶಾಲೆಯಲ್ಲಿ ಸೇರುತ್ತಾರಂತೆ. ನಾನು ಬಂದು ಒಂದು ಪಾಠ ಹೇಳಬೇಕಂತೆ. ಆಮಂತ್ರಣದಲ್ಲಿ ವಾಕ್ಯದೋಷಗಳು ಧಾರಾಳವಾಗಿವೆ. ಕೆಂಪು ಪೆನ್ಸಿಲಿನಿಂದ ಗುರುತು ಹಾಕಿದೆ. ಕೊನೆಯ ಸಾಲಿನಲ್ಲಿ ದೋಷವಿರಲಿಲ್ಲ: "ಸ್ಥಳ: ವಿಜ್ಞಾನದ ಮೆಟ್ಟಿಲು ಕೊಠಡಿ."

ಆ ಕೊಠಡಿಯಲ್ಲಿ ಬೆಂಚುಗಳು ಸಾಲಿನ ಮೇಲೆ ಸಾಲಾಗಿ ಚಾವಣಿಯವರೆಗೆ ಏರುತ್ತವೆ. ಕೆಳಗೆ ನಿಂತು ಪಾಠ ಹೇಳುವವರ ನೆತ್ತಿ ಎಲ್ಲರಿಗೂ ಕಾಣುತ್ತದೆ.

೬ ಅಕ್ಟೋಬರ್, ಸೋಮವಾರ

ಪೆರಿಹಾನಳ ಮಗ ಕೊರಾಯ್ ವಿದೇಶಿ ರೋಗಿಗಳನ್ನು ವಿಮಾನ ನಿಲ್ದಾಣದಿಂದ ಶಿಶ್ಲಿಯ ಒಂದು ಚಿಕಿತ್ಸಾಲಯಕ್ಕೆ ಕರೆತರುವ ಕೆಲಸದಲ್ಲಿದ್ದಾನೆ. ಇಂದು ನನ್ನನ್ನೂ ಅದೇ ವಾಹನದಲ್ಲಿ ಕರೆದೊಯ್ದ. ಹಿಂದಿನ ಆಸನದಲ್ಲಿ ಇಬ್ಬರು ಸ್ಪೇನಿನವರು ಪಾಠಕ್ಕೆ ಹೆದರಿದ ಮಕ್ಕಳಂತೆ ಮೌನವಾಗಿ ಕುಳಿತಿದ್ದರು.

ಕಾಯುವ ಕೋಣೆಯ ತುಂಬ ತಲೆಗೆ ಕಪ್ಪು ಪಟ್ಟಿ ಕಟ್ಟಿಕೊಂಡ ಗಂಡಸರು. ಹಣೆ ಊದಿಕೊಂಡು ಕಣ್ಣು ಸಣ್ಣದಾಗಿದ್ದರೂ ಬಹಳ ಉಲ್ಲಾಸದಲ್ಲಿದ್ದರು. ಚಹಾ ಕುಡಿಯುತ್ತ ಒಬ್ಬರ ತಲೆಯನ್ನೊಬ್ಬರು ಮೆಚ್ಚಿಕೊಳ್ಳುತ್ತಿದ್ದರು. ನನಗೆ ಅವರು ಇಷ್ಟವಾದರು. ಚಿಕಿತ್ಸಾಲಯ ಇಷ್ಟವಾಗಲಿಲ್ಲ. ಬಿಳಿ ಕೋಟಿನ ಯುವತಿಯೊಬ್ಬಳು ಅಪ್ಪಣೆ ಕೇಳದೆಯೇ ನನ್ನ ಹಣೆಯ ಮೇಲೆ ನೀಲಿ ಶಾಯಿಯಿಂದ ಗೆರೆ ಎಳೆದಳು.

"ಹಿಂದ್ಗಡೆಯಿಂದ ತೆಗೆದು ಮೇಲ್ಗಡೆ ಇಡೋದು. ಒಂದೇ ದಿನದ ಕೆಲಸ."

"ಇಡುವವರು ಯಾರು?"

"ನಮ್ಮ ತಂಡ."

"ವೈದ್ಯರು?"

"ಬಂದು ಹೋಗ್ತಾರೆ."

"ಬರುವುದು ಯಾವಾಗ, ಹೋಗುವುದು ಯಾವಾಗ?"

ಕೊರಾಯ್ ನನ್ನ ತೋಳು ಜಗ್ಗಿದ. "ದೊಡ್ಡಮ್ಮ, ಅವ್ರು ನಿನ್ನ ಪರೀಕ್ಷೆ ಮಾಡ್ಬೇಕು, ನೀನು ಅವ್ರನ್ನಲ್ಲ!"

ವಾಪಸು ಬಂದದ್ದು ಬಸ್ಸಿನಲ್ಲಿ. ಹಣೆಯ ಮೇಲಿನ ನೀಲಿ ಗೆರೆ ಸಾಬೂನಿಗೂ ಜಗ್ಗಲಿಲ್ಲ. ಯಾರೂ ತಿರುಗಿ ನೋಡಲಿಲ್ಲ. ಈ ನಗರದಲ್ಲಿ ಹಣೆಯ ಮೇಲೆ ಗೆರೆಯಿದ್ದವರು ಅಪರೂಪವಲ್ಲ.

೯ ಅಕ್ಟೋಬರ್, ಗುರುವಾರ

ಸರಕಾರಿ ಆಸ್ಪತ್ರೆಯ ಚರ್ಮವೈದ್ಯೆ ಶೆಬ್ನೆಮ್ ನನ್ನ ನೆತ್ತಿಯನ್ನು ಸಣ್ಣ ಕ್ಯಾಮೆರಾದಿಂದ ಪರದೆಯ ಮೇಲೆ ತೋರಿಸಿದರು. ಬೈತಲೆ, ಮಕ್ಕಳು ಅಡ್ಡಾಡಿ ಹುಲ್ಲು ಸವೆದ ಆಟದ ಮೈದಾನದ ದಾರಿಯಂತೆ ಅಗಲವಾಗಿತ್ತು. ರಕ್ತಪರೀಕ್ಷೆಯಲ್ಲಿ ದೋಷವೇನೂ ಇಲ್ಲ. ಇದು ವಯಸ್ಸು ಮತ್ತು ವಂಶ. ಎರಡು ದಾರಿಗಳಿವೆ ಎಂದರು. ಅವರು ಸ್ಪಷ್ಟವಾಗಿ ಮಾತನಾಡುವವರು. ಬಹುವಚನವನ್ನು ಎಲ್ಲಿಯೂ ಬಿಡಲಿಲ್ಲ.

"ಒಂದು, ಶಸ್ತ್ರಚಿಕಿತ್ಸೆ. ನಿಮ್ಮ ಹಿಂದಲೆ ಕೂದಲು ಗಟ್ಟಿಯಾಗಿದೆ, ಆದ್ದರಿಂದ ಆಗತ್ತೆ. ಹಿಂದೆ ಒಂದು ಪಟ್ಟಿ ಬೋಳಿಸ್ಬೇಕು. ನೆಟ್ಟಿದ್ದು ಮೊದಲು ಉದುರತ್ತೆ, ಆಮೇಲೆ ಬರತ್ತೆ. ಪೂರ್ತಿ ಕಾಣೋಕೆ ಒಂದು ವರ್ಷ ಬೇಕು."

"ಎರಡನೆಯದು?"

"ಹಚ್ಚೋ ದ್ರಾವಣ. ದಿನಾ ಬೆಳಿಗ್ಗೆ, ಸಂಜೆ. ಇದೂ ಮೊದಲು ಸ್ವಲ್ಪ ಉದುರಿಸತ್ತೆ, ಹೆದರ್ಬಾರ್ದು. ಇರೋದನ್ನ ಉಳಿಸತ್ತೆ, ಸ್ವಲ್ಪ ಬರಿಸ್ಲೂಬಹುದು. ಆದ್ರೆ ನಿಲ್ಲಿಸಿದ್ರೆ ಬಂದಿದ್ದೂ ಹೋಗತ್ತೆ."

"ಇವೆರಡರಲ್ಲಿ ನವೆಂಬರ್ ಇಪ್ಪತ್ತೆರಡರೊಳಗೆ ಆಗುವುದು ಯಾವುದು?"

"ಯಾವುದೂ ಇಲ್ಲ," ಎಂದು ನಕ್ಕರು. "ನವೆಂಬರಲ್ಲಿ ಮದುವೆನಾ?"

ಮದುವೆಯಲ್ಲ ಎಂದೆ. ಸದ್ಯಕ್ಕೆ ದ್ರಾವಣದಿಂದ ಆರಂಭಿಸುವುದೆಂದು ತೀರ್ಮಾನಿಸಿದೆ. ಶಸ್ತ್ರಚಿಕಿತ್ಸೆಯ ಬಗ್ಗೆ ಅವರ ಆಸ್ಪತ್ರೆಯ ವೈದ್ಯರನ್ನು ವಿಚಾರಿಸಿ ತಿಳಿಸುತ್ತಾರೆ.

೧೧ ಅಕ್ಟೋಬರ್, ಶನಿವಾರ

ದ್ರಾವಣವನ್ನು ಹನಿಹನಿಯಾಗಿ ಬೈತಲೆಯ ಉದ್ದಕ್ಕೂ ಬಿಡಬೇಕು. ಬೈತಲೆ ನನಗೆ ಕಾಣುವುದಿಲ್ಲ. ಎರಡು ಕನ್ನಡಿಗಳನ್ನು ಎದುರುಬದುರಾಗಿಟ್ಟು ಪ್ರಯತ್ನಿಸಿದೆ. ಬಲವು ಎಡವಾಯಿತು, ಔಷಧ ಕಿವಿಗೆ ಹೋಯಿತು. ಇನ್ನು ಕೆಲವು ತಿಂಗಳಲ್ಲಿ ಕಿವಿಯಲ್ಲಿ ಸೊಂಪಾಗಿ ಬೆಳೆಯಬಹುದು.

೧೬ ಅಕ್ಟೋಬರ್, ಗುರುವಾರ

ನಿನ್ನೆ ಬೆಳಿಗ್ಗೆ ಔಷಧದಿಂದ ತಲೆ ಜಿಗುಟಾಗಿತ್ತು. ಹೊರಗೆ ಧೂಳಿನ ಗಾಳಿ. ಬೇಕರಿಗೆ ಹೋಗುವಾಗ ತಲೆಗೆ ಒಂದು ವಸ್ತ್ರ ಕಟ್ಟಿಕೊಂಡೆ. ಗದ್ದದ ಕೆಳಗೆ ಗಂಟು ಹಾಕಿದೆ. ಇಷ್ಟೇ ನಾನು ಮಾಡಿದ್ದು.

ಇಂದು ಬೆಳಿಗ್ಗೆ ಬಾಗಿಲು ತಟ್ಟಿದ ಸದ್ದಾಯಿತು. ಕೆಳಮಹಡಿಯಾಕೆ. ಹೆಸರು ಹಜೆರ್, ಗಂಡ ನಿವೃತ್ತ ಬಸ್ ಚಾಲಕ. ಆಕೆ ಈ ಕಟ್ಟಡಕ್ಕೆ ಬಂದಂದಿನಿಂದ ಮೆಟ್ಟಿಲ ಮೇಲಿನ ನಮಸ್ಕಾರವನ್ನು ಮೀರಿ ನಮ್ಮ ಮಾತು ಬೆಳೆದಿಲ್ಲ. ಆಕೆ ಒಂದು ಎಳೆ ಕೂದಲೂ ಕಾಣದಂತೆ ಮುಚ್ಚಿಕೊಳ್ಳುವವಳು. ನಾನು ಬರಿದಲೆಯಲ್ಲಿ ತರಗತಿಗೆ ಹೋಗಿ ಬರಿದಲೆಯಲ್ಲೇ ನಿವೃತ್ತಳಾದವಳು. ನಮ್ಮ ದೇಶದಲ್ಲಿ ತಲೆವಸ್ತ್ರ ಧರ್ಮದ ಪಕ್ಷ, ಬರಿದಲೆ ಗಣರಾಜ್ಯದ ಪಕ್ಷ; ಇದಕ್ಕಿಂತ ಹೆಚ್ಚು ವಿವರಣೆ ಯಾರಿಗೂ ಬೇಕಾಗುವುದಿಲ್ಲ. ಆಕೆಯ ಒಂದು ಕೈಯಲ್ಲಿ ರವೆಯ ಹಲ್ವಾ, ಇನ್ನೊಂದರಲ್ಲಿ ಕಾಗದದಲ್ಲಿ ಸುತ್ತಿದ ಉಡುಗೊರೆ. ಕಣ್ಣಲ್ಲಿ ನೀರು.

"ಬೇಕರಿಯವ್ರು ಹೇಳಿದ್ರು ಟೀಚರ್, ನಾನು ನಂಬ್ಲೇ ಇಲ್ಲ! ದೇವರು ಸ್ವೀಕರಿಸ್ಲಿ!"

"ಏನನ್ನು ಸ್ವೀಕರಿಸಬೇಕು?"

"ನೀವು ತಲೆ ಮುಚ್ಕೊಂಡಿದ್ದನ್ನ."

ನಾನು ಬಾಯಿ ತೆರೆಯುವಷ್ಟರಲ್ಲಿ ಫೋನು ರಿಂಗಾಯಿತು. ಪೆರಿಹಾನ್. ಅವಳ ಧ್ವನಿ ಕಿವಿಯ ಹೊರಗೂ ಕೇಳಿಸುವಂಥದು.

"ಅಕ್ಕಾ! ಅಪ್ಪ ಇದ್ದಿದ್ರೆ ಎದೆ ಒಡ್ಕೋತಿದ್ರು! ಈ ವಯಸ್ಸಲ್ಲಿ ಇದೇನು? ಯಾರು ನಿನ್ನ ತಲೆ ಕೆಡಿಸಿದ್ದು? ಆ ಕೆಳಗಡೆಯವ್ಳಾ?"

"ಕೆಳಗಡೆಯವ್ಳು ಇಲ್ಲೇ ನಿಂತಿದಾಳೆ ಅಂತ ಹೇಳಿ," ಎಂದಳು ಹಜೆರ್.

ಪೆರಿಹಾನಳಿಗೆ ಆಮೇಲೆ ಮಾತನಾಡುತ್ತೇನೆಂದು ಹೇಳಿ ಫೋನು ಇಟ್ಟೆ. ಎದುರಿಗಿದ್ದವಳಿಗೆ ನಿಜವನ್ನು ಪೂರ್ಣ ವಾಕ್ಯಗಳಲ್ಲಿ ತಿಳಿಸಿದೆ: ಕೂದಲು ಉದುರುತ್ತಿದೆ, ಔಷಧ ಹಚ್ಚುತ್ತಿದ್ದೇನೆ, ಗಾಳಿಯಿತ್ತು, ಧರ್ಮಕ್ಕೂ ಇದಕ್ಕೂ ಸಂಬಂಧವಿಲ್ಲ.  ಆಕೆ ಚಪ್ಪಲಿ ಬಿಡುವ ಮಣೆಯ ಮೇಲೆ ಕುಸಿದು ಕುಳಿತು, ತಟ್ಟೆಯಲ್ಲಿನ ಹಲ್ವಾ ಅಲುಗಾಡುವಷ್ಟು ನಕ್ಕಳು.

"ಅಯ್ಯೋ ಟೀಚರ್! ನಿನ್ನೆ ರಾತ್ರಿ ನಮ್ಮ ಯಜಮಾನ್ರಿಗೆ ಹೇಳಿ ಇಬ್ರೂ ಅತ್ತಿದ್ದೀವಿ! ಹಾಗಾದ್ರೆ ಹಲ್ವಾ, ಈ ತಲೆವಸ್ತ್ರ ಎರಡೂ ವಾಪಸ್ ತಗೊಂಡು ಹೋಗ್ಲಾ?"

"ಹಲ್ವಾ ಯಾವ ಪಕ್ಷಕ್ಕೂ ಸೇರಿದ್ದಲ್ಲ. ಒಳಗೆ ಬನ್ನಿ."

ಚಹಾ ಕುಡಿಯುವಾಗ, ಮನೆಯಲ್ಲಿ ಬೇರಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಆಕೆ ತನ್ನ ವಸ್ತ್ರದ ಪಿನ್ನುಗಳನ್ನು ಒಂದೊಂದಾಗಿ ಬಿಚ್ಚಿದಳು. ತಲೆ ಬಗ್ಗಿಸಿ ತೋರಿಸಿದಳು. ನನ್ನದಕ್ಕಿಂತ ಬರಿದು.

"ನೋಡಿ, ನಂದು ಯಾವಾಗ್ಲೋ ಹೊರಟೋಗಿದೆ. ಮುಚ್ಕೊಂಡಿರೋದ್ರಿಂದ ಊರಿಗೆ ಗೊತ್ತಿಲ್ಲ. ಮೇಲಿನವನು ನೋಡ್ತಾನೆ, ಮನೇಲಿರೋರು ನೋಡ್ತಾರೆ. ಇಬ್ರೂ ಏನೂ ಅನ್ನಲ್ಲ."

ಹಲ್ವಾದಲ್ಲಿ ಸಕ್ಕರೆ ತುಸು ಹೆಚ್ಚಾಗಿತ್ತು. ಮುಗಿಸಿದೆ.

೨೦ ಅಕ್ಟೋಬರ್, ಸೋಮವಾರ

ಹಜೆರ್ ಹನಿ ಹಾಕುವ ಕೊಳವೆಯನ್ನು ನನ್ನ ಕೈಯಿಂದ ಕಿತ್ತುಕೊಂಡಳು. "ಕೊಡಿ ಇಲ್ಲಿ, ಕಿವಿಗೆ ನೀರು ಹಾಕ್ತಾ ಇದೀರಿ, ಗಿಡ ಇರೋದು ಮೇಲೆ." ಇನ್ನು ಬೆಳಿಗ್ಗೆ ಮತ್ತು ಸಂಜೆ ಆಕೆಯೇ ಬರುತ್ತಾಳಂತೆ. ಒಪ್ಪಿದೆ, ಇದು ಕೇವಲ ಅನುಕೂಲದ ದೃಷ್ಟಿಯಿಂದ.

ತನಗೂ ಹಚ್ಚಿ ಎಂದಳು. ವೈದ್ಯರನ್ನು ಕೇಳದೆ ಹಚ್ಚುವುದಿಲ್ಲ ಎಂದೆ. "ಅಬ್ಬಾ, ಏನು ಟೀಚರಪ್ಪಾ!" ಎಂದು ಮುಖ ತಿರುವಿದಳು. ಬುಧವಾರ ಆಕೆಯನ್ನು ಶೆಬ್ನೆಮ್ ಅವರ ಬಳಿ ಕರೆದೊಯ್ಯುತ್ತೇನೆ.

೨೯ ಅಕ್ಟೋಬರ್, ಬುಧವಾರ

ಗಣರಾಜ್ಯ ದಿನ. ಕಿಟಕಿಗೆ ಧ್ವಜ ಕಟ್ಟಿದ್ದು ಹಜೆರಳ ಯಜಮಾನರು. ನನ್ನ ಕೈ ಅಷ್ಟೆತ್ತರ ನಿಲುಕುವುದಿಲ್ಲ.

ಹಜೆರಳಿಗೂ ವೈದ್ಯರು ಅದೇ ದ್ರಾವಣ ಬರೆದುಕೊಟ್ಟಿದ್ದಾರೆ; ಈಗ ಒಬ್ಬರಿಗೊಬ್ಬರು ಹಚ್ಚುತ್ತೇವೆ. ನನ್ನ ಕೂದಲು ಮೊದಲಿಗಿಂತ ಹೆಚ್ಚಾಗಿ ಉದುರುತ್ತಿದೆ. ದಿಂಬಿನ ಮೇಲೆ, ಚಹಾದ ಲೋಟದಲ್ಲಿ, ಓದುವ ಪುಟದ ಮೇಲೆ. ಹೆದರಬಾರದೆಂದು ವೈದ್ಯರು ಹೇಳಿದ್ದರು. ಹೆದರಿಲ್ಲ.

೧ ನವೆಂಬರ್, ಶನಿವಾರ

ಹೆದರಿದ್ದೇನೆ.

ಮಧ್ಯಾಹ್ನ ಶೆಬ್ನೆಮ್ ಫೋನು ಮಾಡಿದರು. ಅವರ ಆಸ್ಪತ್ರೆಯಲ್ಲಿ ಸ್ವತಃ ಕುಳಿತು ಕಸಿ ಮಾಡುವ ವೈದ್ಯರಿಗೆ ನವೆಂಬರ್ ಇಪ್ಪತ್ತರಂದು ಬಿಡುವಿದೆ. ಅದು ತಪ್ಪಿದರೆ ವಸಂತಕಾಲ. ಇಪ್ಪತ್ತಕ್ಕೆ ಎಂದುಬಿಟ್ಟೆ. ಇಪ್ಪತ್ತರಂದು ಶಸ್ತ್ರಚಿಕಿತ್ಸೆಯಾದರೆ ಇಪ್ಪತ್ತೆರಡರಂದು ತಲೆಗೆ ಪಟ್ಟಿ ಕಟ್ಟಿಕೊಂಡು ಮನೆಯಲ್ಲಿರಬೇಕಾಗುತ್ತದೆ. ವೈದ್ಯಕೀಯ ಕಾರಣ. ಯಾರೂ ಆಕ್ಷೇಪಿಸುವಂತಿಲ್ಲ.

ಫೆರ್ದಿಗೆ ಇನ್ನೂ ತಿಳಿಸಿಲ್ಲ. ಹಗುರವಾಗಬೇಕಾಗಿತ್ತು. ಊಟ ಸೇರಲಿಲ್ಲ.

೧೦ ನವೆಂಬರ್, ಸೋಮವಾರ

ಇಂದು ಗಣರಾಜ್ಯದ ಸಂಸ್ಥಾಪಕರು ತೀರಿಕೊಂಡ ದಿನ. ಅವರು ಕೊನೆಯುಸಿರೆಳೆದ ಗಳಿಗೆಗೆ ಪ್ರತಿ ವರ್ಷದಂತೆ ಊರಿನ ಎಲ್ಲ ಸೈರನ್‌ಗಳೂ ಕೂಗಿದವು. ಆಗ ಹಜೆರ್ ನನ್ನ ಹಿಂದೆ ನಿಂತು ಹನಿ ಹಾಕುತ್ತಿದ್ದಳು. ನಾನು ತಟ್ಟನೆ ಎದ್ದು ನೆಟ್ಟಗೆ ನಿಂತೆ. ಆಕೆ ನಿಲ್ಲುವುದಿಲ್ಲ, ಕೆಲಸ ಮುಂದುವರಿಸುತ್ತಾಳೆ ಎಂದುಕೊಂಡಿದ್ದೆ. ಕನ್ನಡಿಯಲ್ಲಿ ನೋಡಿದರೆ, ಆಕೆ ನನ್ನ ಬೆನ್ನ ಹಿಂದೆ ಕಂಬದಂತೆ ನಿಂತಿದ್ದಳು. ಎತ್ತಿದ ಕೈ ಎತ್ತಿದಂತೆಯೇ, ಕೊಳವೆ ನನ್ನ ನೆತ್ತಿಯ ಮೇಲೆಯೇ. ಔಷಧ ನನ್ನ ಹಣೆಯಿಂದಿಳಿದು ಮೂಗಿನ ತುದಿಗೆ ಬಂದು ತೊಟ್ಟಿಕ್ಕಿತು. ಸೈರನ್ ನಿಲ್ಲುವವರೆಗೂ ಇಬ್ಬರೂ ಅಲುಗಲಿಲ್ಲ.

"ಒಂದು ವಾರದ ಔಷಧ ಹೋಯ್ತು," ಎಂದಳು ಮೂಗು ಒರೆಸುತ್ತ. ಒರೆಸಿದ್ದು ನನ್ನ ಮೂಗು.

ನಾವು ನಕ್ಕೆವು. ಈ ದಿನ ನಾನು ಹಿಂದೆಂದೂ ನಕ್ಕವಳಲ್ಲ.

೧೩ ನವೆಂಬರ್, ಗುರುವಾರ

ಇಪ್ಪತ್ತರ ವಿಷಯವನ್ನು ಹಜೆರಳಿಗೆ ಇಂದು ಹೇಳಿದೆ. ಕೈ ನಿಲ್ಲಿಸಿದಳು.

"ಅದಾದ್ಮೇಲೆ ನಾನು ಬರೋದು ಬೇಡ ಅಲ್ವಾ?"

"ಕೆಲವು ದಿನ ತಲೆ ಮುಟ್ಟುವಂತಿಲ್ಲವಂತೆ."

"ಸರಿ ಬಿಡಿ." ಮತ್ತೆ ಹನಿ ಬಿಡುತ್ತ, "ಇಪ್ಪತ್ತೆರಡಕ್ಕೆ ನಿಮ್ಮ ಮಕ್ಕಳು ಸೇರ್ತಾರೆ ಅಂದಿದ್ರಲ್ಲ, ಅದು?"

"ಪಟ್ಟಿ ಕಟ್ಟಿಕೊಂಡು ಹೋಗಲಾದೀತೇ?"

"ಓಹೋ." ಆಕೆಯ ಈ ‘ಓಹೋ’ ಬಹಳ ದೀರ್ಘವಾದದ್ದು. "ತಲೇಲಿ ಕೂದಲಿಲ್ಲ ಅಂತ ತಲೇನೇ ಮನೇಲಿ ಬಿಟ್ಟು ಬಿಡೋದು. ಒಳ್ಳೆ ಉಪಾಯ ಟೀಚರ್."

ಅಧಿಕಪ್ರಸಂಗ ಎಂದೆ. ಹೌದು ಎಂದಳು. ನನ್ನದು ಮುಗಿಸಿ ತನ್ನ ತಲೆಗೆ ಹಚ್ಚಿಸಿಕೊಳ್ಳದೆ ಕೆಳಗಿಳಿದು ಹೋದಳು.

೧೪ ನವೆಂಬರ್, ಶುಕ್ರವಾರ

ಆಸ್ಪತ್ರೆಗೆ ಫೋನು ಮಾಡಿ ಶಸ್ತ್ರಚಿಕಿತ್ಸೆಯನ್ನು ರದ್ದುಪಡಿಸಿದೆ. ವಸಂತಕಾಲಕ್ಕೆ ಹೆಸರು ಬರೆದುಕೊಳ್ಳಲೇ ಎಂದು ಕೇಳಿದರು, ಅಗತ್ಯವಿಲ್ಲ ಎಂದೆ. ಕಾರಣಗಳನ್ನು ಕ್ರಮವಾಗಿ ದಾಖಲಿಸುವುದು ಉಚಿತ. ಹಿಂದಲೆಯ ಕೂದಲು ಗಟ್ಟಿಯಾಗಿದೆಯೆಂದು ವೈದ್ಯರೇ ಹೇಳಿರುವಾಗ, ಗಟ್ಟಿಯಾಗಿರುವುದನ್ನು ಅದರ ಸ್ಥಳದಿಂದ ಕೀಳುವುದು ವಿವೇಕವಲ್ಲ. ನನ್ನ ವಯಸ್ಸಿನಲ್ಲಿ ದಿನವಿಡೀ ಮಂಚದ ಮೇಲೆ ಕವುಚಿ ಮಲಗುವುದು ಕುತ್ತಿಗೆಗೆ ಒಳ್ಳೆಯದಲ್ಲ. ದ್ರಾವಣವನ್ನು ಆರಂಭಿಸಿಯಾಗಿದೆ, ಆರಂಭಿಸಿದ್ದನ್ನು ಅದರ ಅವಧಿ ಮುಗಿಯುವ ಮುನ್ನ ಅಳೆಯುವುದು ಅರ್ಧ ಬರೆದ ಉತ್ತರಪತ್ರಿಕೆಗೆ ಅಂಕ ಕೊಟ್ಟಂತೆ. ದ್ರಾವಣವನ್ನು ಜೀವನಪರ್ಯಂತ ಹಚ್ಚಬೇಕೆಂಬ ಆಕ್ಷೇಪವಿದೆ ನಿಜ. ಆದರೆ ಅದೊಂದು ತೊಂದರೆಯೆಂದು ನನಗೆ ಈಗ ಅನಿಸುತ್ತಿಲ್ಲ. ಏಕೆಂದು ಸ್ಪಷ್ಟವಾಗಿ ಬರೆಯಲು ಪ್ರಯತ್ನಿಸಿದೆ, ವಾಕ್ಯ ಕೂಡಿಬರಲಿಲ್ಲ.

ಕೆಳಗಿಳಿದು ಹಜೆರಳ ಬಾಗಿಲು ತಟ್ಟಿದೆ. ಆಕೆಯ ಮನೆಯೊಳಗೆ ನಾನು ಕಾಲಿಟ್ಟದ್ದು ಇದೇ ಮೊದಲು. ಔಷಧದ ಸೀಸೆ ಕೈಯಲ್ಲಿತ್ತು.

"ನಿನ್ನೆಯದು ತಪ್ಪಿದೆ. ಕುಳಿತುಕೋ," ಎಂದೆ.

೨೩ ನವೆಂಬರ್, ಭಾನುವಾರ

ನಿನ್ನೆ ಬೆಳಿಗ್ಗೆ ಹಜೆರ್ ನನ್ನ ತುರುಬು ಕಟ್ಟಲು ಬಂದಳು. ಹಳೆಯ ಚೌರಿಯಿಟ್ಟು, ಪಿನ್ನು ಚುಚ್ಚಿ, ಎರಡು ಸಲ ಕಟ್ಟಿದಳು. ಉಳಿದ ಕೂದಲು ಚೌರಿಯ ಭಾರ ತಾಳಲಿಲ್ಲ; ಎರಡು ಸಲವೂ ಮೆಲ್ಲಗೆ ಕಿವಿಯ ಕಡೆಗೆ ಜಾರಿತು.

"ಏನ್ಮಾಡೋಣ?"

"ಇರುವುದನ್ನು ಬಾಚು," ಎಂದೆ.

ಬಾಚಿದಳು. ಕನ್ನಡಿ ನೋಡಲಿಲ್ಲ. ನನ್ನ ಜೊತೆಗೆ ಬಾ ಎಂದೆ. "ನಾನ್ಯಾಕೆ, ಅಲ್ಲೆಲ್ಲ ಓದಿದವ್ರು," ಎಂದಳು. ಆದರೆ ಒಳ್ಳೆಯ ಕೋಟು ಆಗಲೇ ತೊಟ್ಟುಕೊಂಡು ಬಂದಿದ್ದಳು.

ದೋಣಿಯ ಮೇಲಂತಸ್ತಿನಲ್ಲೇ ಕುಳಿತೆವು. ಗಾಳಿ ಇತ್ತು. ಕಡಲಹಕ್ಕಿಗಳಿಗೆ ಹಾಕಲು ಹಜೆರ್ ತಂದಿದ್ದ ಎಳ್ಳಿನ ಬಳೆರೊಟ್ಟಿಯನ್ನು ನಾವೇ ಹೆಚ್ಚಾಗಿ ತಿಂದೆವು.

ಮೆಟ್ಟಿಲು ಕೊಠಡಿಯ ಬಾಗಿಲಲ್ಲಿ ಒಂದು ಕ್ಷಣ ನನ್ನ ಕಾಲು ಮುಂದಕ್ಕೆ ಬರಲಿಲ್ಲ. ಒಳಗೆ ಮೇಲಿನ ಸಾಲುಗಳವರೆಗೂ ಜನ ತುಂಬಿದ್ದರು. ಎಲ್ಲ ಕಣ್ಣುಗಳೂ ಕೆಳಗೆ, ಮೇಜಿನತ್ತ. ದೀಪ ನೇರವಾಗಿ ಅದರ ಮೇಲಿತ್ತು. ಹಜೆರ್ ನನ್ನ ಬೆನ್ನಿಗೆ ಕೈಯಿಟ್ಟಳು, ತಳ್ಳಲಿಲ್ಲ. ನಾನು ಹೋಗಿ ದೀಪದ ಕೆಳಗೆ ನಿಂತೆ. ನೆತ್ತಿ ಬೆಚ್ಚಗಾಯಿತು.  ನೋಡುತ್ತಿದ್ದಾರೆ ಎಂದುಕೊಂಡೆ, ನೋಡುತ್ತಲೇ ಇದ್ದರು.

ಫೆರ್ದಿ ಮೊದಲು ಇಳಿದು ಬಂದ. "ನಾವುಗಳೆಲ್ಲಾ ನಿಮ್ಮ ಮಕ್ಕಳುಗಳು ಟೀಚರ್," ಎಂದ. ಇದಕ್ಕಿಂತ ಚೆನ್ನಾಗಿ ಯಾರು ಹೇಳಬಲ್ಲರು? ಆಮೇಲೆ ನಮ್ಮಲ್ಲಿ ಹಿರಿಯರಿಗೆ ಮಾಡುವಂತೆ ನನ್ನ ಕೈಗೆ ಮುತ್ತಿಟ್ಟು, ಹಣೆಗೊತ್ತಿಕೊಳ್ಳಲು ತಲೆ ಬಗ್ಗಿಸಿದ. ಅವನ ನೆತ್ತಿ ನನ್ನ ಕಣ್ಣೆದುರಿಗೆ ಬಂದಿತು. ನೆಟ್ಟ ಕೂದಲು, ಶಾಲೆಯ ತೋಟದ ಈರುಳ್ಳಿ ಸಸಿಗಳಂತೆ ನೇರ ಸಾಲುಗಳಲ್ಲಿ.

ಅವನ ಹಿಂದೆ ಉಳಿದವರು ಸಾಲಾಗಿ ಬಂದರು. ಒಬ್ಬೊಬ್ಬರೂ ಬಗ್ಗಿದರು. ಒಬ್ಬೊಬ್ಬರ ನೆತ್ತಿಯನ್ನೂ ನೋಡಿದೆ. ಉದ್ದ ಕೂದಲು ಬಿಟ್ಟಿದ್ದಕ್ಕೆ ಸೋಮವಾರಗಳಂದು ನಾನು ಮನೆಗೆ ಕಳಿಸುತ್ತಿದ್ದ ಹುಡುಗರಲ್ಲಿ ಈಗ ಕಳಿಸಬೇಕಾದವರು ಯಾರೂ ಇರಲಿಲ್ಲ. ಇದನ್ನು ಗಟ್ಟಿಯಾಗಿಯೇ ಹೇಳಿದೆ. ಕೊಠಡಿಯಲ್ಲಿ ಹಿಂದಿನ ಕಾಲದಂತೆ ಗದ್ದಲವೆದ್ದಿತು, ಸುಮ್ಮನಿರಿಸಲು ಮನಸ್ಸಾಗಲಿಲ್ಲ.

ಅವರು ಮೇಲೆ ಹೋಗಿ ತಮ್ಮ ತಮ್ಮ ಹಳೆಯ ಜಾಗಗಳಲ್ಲಿ ಕುಳಿತ ಮೇಲೆ ನೆನಪಿನಿಂದಲೇ ಹಾಜರಿ ಕರೆದೆ. "ಇದ್ದೀನಿ ಟೀಚರ್!" ಎಂದು ಐವತ್ತು ದಾಟಿದ ಗಂಟಲುಗಳು ಒಂದೊಂದಾಗಿ ಕೂಗಿದವು. ಮುಗಿಯಿತು ಎಂದುಕೊಂಡಾಗ ಅತಿ ಮೇಲಿನ ಸಾಲಿನಿಂದ ಒಂದು ಧ್ವನಿ ಬಂದಿತು.

"ಟೀಚರ್, ನನ್ನ ಹೆಸರು ಕರೀಲೇ ಇಲ್ಲ!"

ಎಲ್ಲರೂ ಹಿಂತಿರುಗಿ ನೋಡಿದರು. ಕರೆದೆ.

ಪೆರಿಹಾನ್ ಇದನ್ನು ನಾಳೆಯೇ ಬೇರೆ ರೀತಿಯಲ್ಲಿ ಹೇಳತೊಡಗುತ್ತಾಳೆ, ಹೇಳಿಕೊಳ್ಳಲಿ. ಹಾಜರಿದ್ದವರು ಇವರು: ನೆಟ್ಟ ಕೂದಲಿನ ಫೆರ್ದಿ, ಪೂರ್ತಿ ಬೋಳಾಗಿ ಅದರಲ್ಲೇ ಚೆಲುವಾಗಿರುವ ಸೆಜಾಯ್, ಕಿವಿಯಿಂದ ಕಿವಿಗೆ ನಾಲ್ಕೆಳೆ ಹಾಸಿಕೊಂಡಿರುವ ಇಲ್ಹಾಮಿ, ಬಣ್ಣ ಹಚ್ಚಿದ ತುಲಾಯ್, ಹಚ್ಚದ ಗುಲ್ಸೆರೆನ್, ಹ್ಯಾಟು ತೆಗೆಯಲು ನಾಚಿ ಕೊನೆಗೆ ತೆಗೆದ ನೆಜಾತ್, ದೊಡ್ಡ ಕಾಯಿಲೆಯ ಔಷಧದಿಂದ ಉದುರಿದ ಕೂದಲು ಈಗಷ್ಟೇ ಮತ್ತೆ ಮೂಡುತ್ತಿರುವ ಬೆದ್ರಿಯೆ, ತಲೆ ತುಂಬ ಕೂದಲಿದ್ದು ಎಲ್ಲರಿಂದ ಬೈಸಿಕೊಂಡ ಯಾವುಜ್, ಕೆಳಗೆ, ದೀಪದಡಿಯಲ್ಲಿ, ನಿಗಾರ್ ಎಂಬ ನಾನು, ಮತ್ತು ಅತಿ ಮೇಲಿನ ಬೆಂಚಿನಲ್ಲಿ, ಕೈ ಇನ್ನೂ ಎತ್ತಿಕೊಂಡೇ, ಹಜೆರ್.